ಕಾರಿನ ಜಾಗದಲ್ಲಿ ಕೂತ ದೇವರು

ಇವತ್ತಿನ ಪ್ರವಚನದಲ್ಲಿ ಭಕ್ತಿಯ ಮಾತು ಬಂತಲ್ಲ, ಒಂದು ದೃಷ್ಟಾಂತ ಹೇಳಿಯೇ ಮುಂದೆ ಹೋಗುತ್ತೇನೆ. ತಾಯಂದಿರೇ, ಆ ಕಡೆ ಮಾತು ಸ್ವಲ್ಪ ನಿಲ್ಲಲಿ. ಇದು ಹಳೆಯ ಕಾಲದ ರಾಜನ ಕಥೆಯಲ್ಲ. ನಮ್ಮ ನಿಮ್ಮಂಥದೇ ಊರು, ನಮ್ಮ ನಿಮ್ಮಂಥದೇ ಓಣಿ. ಆ ಓಣಿಯಲ್ಲಿ ಕೈತುಂಬ ಉಳ್ಳವನೊಬ್ಬ ಮನೆ ಕಟ್ಟಿಸಿದ. ಹೆಸರು ಕೇಳಬೇಡಿ. ಹೆಸರು ಹೇಳಿದರೆ ನೀವು ಕಥೆ ಬಿಟ್ಟು ಆ ಹೆಸರಿನವರ ಮುಖ ನೋಡುತ್ತ ಕೂಡುತ್ತೀರಿ. ಊರವರು ಅವನನ್ನು ಸಾಹುಕಾರ ಎನ್ನುತ್ತಿದ್ದರು. ನಾವೂ ಹಾಗೇ ಎನ್ನೋಣ.

ಎಂಥ ಮನೆ ಅಂತೀರಿ! ಸಾಗವಾನಿ ಬಾಗಿಲು, ಮುಖ ಕಾಣುವಂಥ ನೆಲ, ಮೇಲೆ ಎರಡು ಅಂತಸ್ತು. ಮಲಗುವ ಕೋಣೆಗಳೆಲ್ಲ ಮೇಲೆಯೇ. ನಕಾಶೆ ಬರೆದ ಎಂಜಿನಿಯರು ಕೆಳಗೆ, ಮುಂಭಾಗದಲ್ಲಿ, ಕಾರು ನಿಲ್ಲಿಸಲು ಜಾಗ ಬಿಟ್ಟಿದ್ದ. ಸಾಹುಕಾರ ಆ ಜಾಗ ನೋಡಿದ. ಅವನ ಮನಸ್ಸು ಒಪ್ಪಲಿಲ್ಲ. "ಇಷ್ಟ ಚಲೋ ಜಾಗಾ ಕಾರಿಗೆ ಕೊಡೂದೇನ್ರಿ? ಇಲ್ಲಿ ದೇವರ ಕೋಣಿ ಮಾಡ್ರಿ" ಎಂದ. ಬಿಳಿ ಅಮೃತಶಿಲೆಯ ಮಂಟಪ ಬಂತು, ಗಂಟೆ ಬಂತು, ಬೀದಿಗೆ ಕಾಣುವ ಹಾಗೆ ಹಿತ್ತಾಳೆಯ ಸರಳುಗಳ ದೊಡ್ಡ ಕಿಟಕಿ ಬಂತು. ಓಣಿಯಲ್ಲಿ ಹೋಗುವವರು ಚಪ್ಪಲಿ ಬಿಟ್ಟು ಕೈಮುಗಿಯಬೇಕು, "ಸಾವಕಾರ್ರು ಎಂಥಾ ದೈವಭಕ್ತರು" ಎನ್ನಬೇಕು. ಎಂದರು ಕೂಡ. ಸಾಹುಕಾರ ಒಳಗೆ ಕೂತು ಕೇಳಿಸಿಕೊಂಡು ಖುಷಿಪಟ್ಟ.

ಸರಿ, ದೇವರು ಕಾರಿನ ಜಾಗದಲ್ಲಿ ಕೂತ. ಕಾರು ಎಲ್ಲಿ ಹೋಗಬೇಕು? ಹೇಳಿ ನೋಡೋಣ. ಮನೆಯ ಮುಂದೆ ನಿಲ್ಲಿಸಿದರೆ ದೇವರು ಮರೆಯಾಗುತ್ತಾನೆ! ಸಾಲದ್ದಕ್ಕೆ ಅವನ ಮನೆಯ ಮೆಟ್ಟಿಲುಗಳು ಗಟಾರ ದಾಟಿ ಬೀದಿಗೇ ಇಳಿದಿದ್ದವು. ಅದಕ್ಕೆ ಸಾಹುಕಾರ ಕಾರನ್ನು ಪಕ್ಕದ ಮನೆಯ ಗೇಟಿಗೆ ಅಡ್ಡ ಹಚ್ಚಿ ನಿಲ್ಲಿಸಿದ. ಒಂದು ದಿನ ಹಚ್ಚಿದ, ಯಾರೂ ಏನೂ ಅನ್ನಲಿಲ್ಲ. ಮರುದಿನ ಹಚ್ಚಿದ. ಆಮೇಲೆ ಅದು ಅವನ ಜಾಗವೇ ಆಗಿಹೋಯಿತು. ಬೇರೆ ಯಾರಾದರೂ ಅಲ್ಲಿ ಗಾಡಿ ನಿಲ್ಲಿಸಿದರೆ ಸಿಟ್ಟಿಗೇಳುತ್ತಿದ್ದ, ನೋಡಿ! ಮುರಿದ ಕುರ್ಚಿಯೊಂದನ್ನು ತಂದು ಇಟ್ಟು ಜಾಗ ಹಿಡಿಯುತ್ತಿದ್ದ.

ಪಕ್ಕದ ಮನೆಯಲ್ಲಿ ಇದ್ದವರು ಒಬ್ಬ ನಿವೃತ್ತ ಮಾಸ್ತರು. ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಒಂದು ಕಾಲು ಸೊರಗಿತ್ತು. ಎರಡೂ ಪಕ್ಕದಲ್ಲಿ ಚಿಕ್ಕ ಗಾಲಿ ಹಚ್ಚಿಸಿದ ಸ್ಕೂಟರೇ ಅವರ ಕಾಲು. ಚಿಕ್ಕ ಗೇಟಿನಲ್ಲಿ ಅದು ಹಿಡಿಯುವುದಿಲ್ಲ, ದೊಡ್ಡ ಗೇಟೇ ಬೇಕು. ದೊಡ್ಡ ಗೇಟಿನ ಮುಂದೆ ಕಾರು. ಮಾಸ್ತರರಿಗೆ ದಿನಾ ಸಂಜೆ ಮಠಕ್ಕೆ ಹೋಗಿ ಪ್ರವಚನ ಕೇಳುವ ಹಂಬಲ. ಸ್ಕೂಟರ್ ಹತ್ತಿ ಕೂತು, ಹೆಂಡತಿಯನ್ನು ಸಾಹುಕಾರನ ಮನೆಗೆ ಕಳಿಸುತ್ತಿದ್ದರು. ಸಾಹುಕಾರನ ಹೆಂಡತಿ ಬಾಗಿಲಿಗೆ ಬಂದು ಹೇಳುತ್ತಿದ್ದಳು, "ಪೂಜಾಕ್ಕ ಕುಂತಾರವ್ವ. ಸ್ವಲ್ಪ ತಡೀರಿ, ಈಗ ಬರ್ತಾರ." ಒಳಗೆ ಪೂಜೆಯ ಗಂಟೆ ಕೇಳಿಸುತ್ತಿತ್ತು. ಮಾಸ್ತರು ಸ್ಕೂಟರಿನ ಮೇಲೆ ಕೂತೇ ಇರುತ್ತಿದ್ದರು. ಒಮ್ಮೊಮ್ಮೆ ಸಾಹುಕಾರ ಬರುತ್ತಿದ್ದ, ಒಮ್ಮೊಮ್ಮೆ ಬರುತ್ತಲೇ ಇರಲಿಲ್ಲ. ಅಷ್ಟರಲ್ಲಿ ಮಠದಲ್ಲಿ ಮಂಗಳಾರತಿ ಮುಗಿದಿರುತ್ತಿತ್ತು. ಕೊನೆಗೆ ಮಾಸ್ತರು ಕಾರು ತೆಗೆಯಿರಿ ಎಂದು ಕೇಳುವುದನ್ನೇ ಬಿಟ್ಟರು. ಸ್ಕೂಟರಿನ ಮೇಲೆ ಹಳೆಯ ಸೀರೆ ಹೊದಿಸಿಟ್ಟರು.

ಇನ್ನು ಸಾಹುಕಾರ ಸೋಮವಾರದ ಪ್ರವಚನಕ್ಕೆ ಮಾತ್ರ ತಪ್ಪಿದವನಲ್ಲ, ಕಾರು ಆ ಗೇಟಿನ ಮುಂದೆಯೇ ಬಿಟ್ಟು ನಡೆದೇ ಹೋಗುತ್ತಿದ್ದ. ಮುಂದಿನ ಸಾಲಿನಲ್ಲೇ ಕೂಡುತ್ತಿದ್ದ. ಒಂದು ದಿನ ಬೆಳಿಗ್ಗೆ ಕಟ್ಟೆಯ ಮೇಲೆ ಕೂತಿದ್ದ ಮಾಸ್ತರರನ್ನು ಕಂಡು, ನಾಲ್ಕು ಮಂದಿಯ ಎದುರೇ ನಗುತ್ತ ಕೇಳಿದ, "ಏನ್ರೀ ಮಾಸ್ತರ, ಮಠದ ಕಡೆ ಕಾಣವಲ್ರಿ! ವಯಸ್ಸಾದಂಗ ಭಕ್ತಿ ಕಡಿಮಿ ಆತೇನು?"

ಮಾಸ್ತರು ನಕ್ಕರು. ಮಂದಿಯೂ ನಕ್ಕರು. ಈ ಮಾತು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಹೀಗಿರುವಾಗ ಸಾಹುಕಾರನ ಹೆಂಡತಿಯ ಮೊಣಕಾಲು ಸವೆದವು. ಮಲಗಲು ಮೇಲೆ ಹತ್ತಬೇಕು. ಅಡುಗೆಗೆ ಕೆಳಗೆ ಇಳಿಯಬೇಕು. ಪ್ರತಿ ಮೆಟ್ಟಿಲಿಗೂ ಆಕೆ "ಯವ್ವಾ" ಎನ್ನುತ್ತಿದ್ದಳು. ಊರ ಹೊರಗೆ ಆಕೆಯ ತಂಗಿಯ ಮನೆಯ ಪಕ್ಕದಲ್ಲೇ ಒಂದು ಮನೆ ಮಾರಾಟಕ್ಕಿತ್ತು, ಮೆಟ್ಟಿಲಿಲ್ಲದ ಮನೆ. ಈ ಮನೆ ಮಾರಿದರೆ ಅದನ್ನು ಕೊಳ್ಳಬಹುದು. ಹೆಂಡತಿಯ ಮೇಲೆ ಅವನಿಗೆ ಜೀವ. ಅದರಲ್ಲಿ ಸುಳ್ಳಿರಲಿಲ್ಲ. ಮಾರಿಯೇಬಿಡೋಣ ಎಂದು ದಲಾಲನನ್ನು ಕರೆಸಿದ.

ಮಂದಿ ಬಂದರು, ನೋಡಿದರು. ನೆಲ ಸವರಿ ನೋಡಿದರು, ಬಾಗಿಲು ತಟ್ಟಿ ನೋಡಿದರು, ದೇವರಿಗೆ ಕೈಮುಗಿದರು. ಎಲ್ಲ ಮುಗಿಸಿ ಹೊರಗೆ ಬಂದು ಒಂದೇ ಪ್ರಶ್ನೆ ಕೇಳುತ್ತಿದ್ದರು, "ಕಾರ್ ಎಲ್ಲಿ ಹಚ್ಚೂದ್ರಿ?" ಅಲ್ಲಿಗೆ ಮುಗಿಯಿತು. ಹೋದವರು ತಿರುಗಿ ಬರುತ್ತಿರಲಿಲ್ಲ. ಬಂದರೂ ಬೆಲೆಯನ್ನು ನೆಲಕ್ಕಿಳಿಸಿ ಕೇಳುತ್ತಿದ್ದರು.

ದಲಾಲ ಒಂದು ದಿನ ಬಾಯಿಬಿಟ್ಟ. "ಸಾವಕಾರ್ರ, ಈಗಿನ ಮಂದಿ ಅಡಗಿಮನಿ ಆಮ್ಯಾಲೆ ನೋಡ್ತಾರ. ಮೊದಲ ಪಾರ್ಕಿಂಗ್ ಕೇಳ್ತಾರ. ಓಣ್ಯಾಗ ನಿಲ್ಲಸಿದ್ರ ಬೆಳಗಾಗೂದ್ರಾಗ ಕನ್ನಡಿ ಮುರದಿರ್ತೈತಿ, ಇಲ್ಲಾ ಮಗ್ಗಲ ಮನಿಯವ್ರ ಜೋಡಿ ಜಗಳ ಆಗಿರ್ತೈತಿ. ಯಾರಿಗೆ ಬೇಕ್ರಿ ಆ ಉಸಾಬರಿ? ಒಂದು ಬೆಲೆ ಇಳಸ್ರಿ, ಇಲ್ಲಾ ಈ ದೇವರ ಕೋಣಿ ಒಡದು ಕಾರಿಗೆ ಜಾಗಾ ಮಾಡ್ರಿ."

ಸಾಹುಕಾರ ಉರಿದುಬಿದ್ದ. "ದೇವರನ್ನ ಎಬ್ಬಿಸಿ ಕಾರ್ ಕುಂದರ್ಸಂತೀಯೇನು? ನಾಲಿಗಿ ಬಿಗಿ ಹಿಡಿದು ಮಾತಾಡು!" ದೇವರ ಮೇಲಿನ ಅಭಿಮಾನ, ನೋಡಿ! ಮೇಲಿನಿಂದ ಹೆಂಡತಿ ಕಟಕಟೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು.

ಕೊನೆಗೊಬ್ಬ ಬಂದ. ಬ್ಯಾಂಕಿನಲ್ಲಿ ಕೆಲಸ, ಮಿತಭಾಷಿ. ಮನೆ ಅವನಿಗೆ ಬಹಳ ಹಿಡಿಸಿತು. ಬೆಲೆಗೂ ತಕರಾರು ತೆಗೆಯಲಿಲ್ಲ. ಸಾಹುಕಾರನ ಎದೆ ಹಗುರಾಯಿತು. ಕಾರಿನ ಮಾತು ಅವನು ಕೇಳುವ ಮೊದಲೇ ತಾನೇ ಎತ್ತಿದ. "ಕಾರಿನ ಚಿಂತಿ ಬಿಡ್ರಿ. ಅಗಾ, ಆ ಗೇಟಿನ ಮುಂದ ಹಚ್ರಿ. ನಾನು ಅಲ್ಲೇ ಹಚ್ಚೂದು. ಭಾಳ ಚಲೋ ಮಂದಿ, ಏನೂ ಅನ್ನೂದಿಲ್ಲ."

ಬ್ಯಾಂಕಿನವನು, "ಆದ್ರೂ ಒಂದ್ ಮಾತು ಕೇಳಿ ಬರ್ತೀನ್ರಿ" ಎಂದು ಚಿಕ್ಕ ಗೇಟು ತೆಗೆದು ಮಾಸ್ತರರ ಅಂಗಳಕ್ಕೆ ಹೋದ. ಸಾಹುಕಾರ ದೇವರ ಕೋಣೆಗೆ ಬಂದು ಆ ಹಿತ್ತಾಳೆ ಸರಳಿನ ಕಿಟಕಿಗೆ ಕಿವಿಗೊಟ್ಟು ನಿಂತ. ಮಂದಿಯ ಹೊಗಳಿಕೆ ಕೇಳುತ್ತಿದ್ದ ಕಿಟಕಿ ಅದು.

"ಹಚ್ರಿ, ಹಚ್ರಿ" ಎಂದರು ಮಾಸ್ತರು. "ಆ ಗೇಟ್ ನಾವು ತೆಗಿಯೂದು ಬಿಟ್ಟು ಭಾಳ ದಿನ ಆತು."

"ಯಾಕ್ರಿ?"

"ಈ ಸ್ಕೂಟರ್ ಹೊರಗ ಹೋಗಬೇಕಂದ್ರ ದೊಡ್ಡ ಗೇಟ್ ಬೇಕ್ರಿ. ಮೊದಲ ಮಠಕ್ಕ ಹೋಗ್ತಿದ್ದೆ, ಪ್ರವಚನ ಕೇಳಾಕ. ದಿನಾ ಕಾರ್ ತೆಗೀರಿ ಅಂತ ಎಷ್ಟಂತ ಕೇಳೂದು? ಪಾಪ, ಅವ್ರು ಪೂಜಾದಾಗ ಇರ್ತಾರ. ದೇವರ ಕೆಲಸಕ್ಕ ನಾನ್ಯಾಕ ಅಡ್ಡ ಬರ್ಲಿ ಅಂತ ಬಿಟ್ಟೆ."

ಆ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಸಾಹುಕಾರನಿಗೆ ಸಿಟ್ಟಾದರೂ ಬರುತ್ತಿತ್ತು. ಅವನಿಗೆ ತಾನು ನಾಲ್ಕು ಮಂದಿಯ ಎದುರು ಕೇಳಿದ ಮಾತು ನೆನಪಾಯಿತು. ಭಕ್ತಿ ಕಡಿಮಿ ಆತೇನು? ಅಯ್ಯೋ, ಯಾರು ಯಾರನ್ನು ಕೇಳಿದ ಮಾತು ಅದು! ಮಂಟಪದ ಕಡೆ ತಿರುಗಲೂ ಅವನಿಗೆ ನಾಚಿಕೆಯಾಯಿತು.

ಬ್ಯಾಂಕಿನವನು ತಿರುಗಿ ಬಂದ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತು ಕೈಮುಗಿದ. "ಸಾವಕಾರ್ರ, ಮನಿ ಭಾಳ ಚಲೋ ಐತಿ. ಆದ್ರ ಈ ಮನ್ಯಾಗ ಇರಬೇಕಂದ್ರ ನಿಮ್ಮಂಗ ಇರಬೇಕಾಗ್ತೈತಿ. ಅದು ನನ್ನ ಕೈಲೆ ಆಗೂದಿಲ್ರಿ."

ಕೇಳಿದಿರಾ? ಮತ್ತೊಮ್ಮೆ ಹೇಳುತ್ತೇನೆ. ನಿಮ್ಮಂಗ ಇರಬೇಕಾಗ್ತೈತಿ. ಬೆಲೆ ಇಳಿದದ್ದು ಮನೆಯದೋ, ಮನುಷ್ಯನದೋ?

ಆ ದಿನ ಸಾಹುಕಾರ ಊಟದ ತಾಟು ಸರಿಸಿಟ್ಟ. ಹೆಂಡತಿಗೆ ಎಲ್ಲ ಹೇಳಿದ. ಆಕೆ ಸಮಾಧಾನ ಹೇಳಬಹುದಿತ್ತು, ಹೇಳಲಿಲ್ಲ. "ಅವ್ರು ಬಂದಾಗೊಮ್ಮೆ ಪೂಜಾಕ್ಕ ಕುಂತಾರ ಅಂತ ಹೇಳಿ ಹೇಳಿ ನನ್ನ ಬಾಯಿ ಸೋತೈತಿ. ಎಷ್ಟೋ ಸಲ ನೀವು ಚಾ ಕುಡ್ಯಾಕತ್ತಿದ್ರಿ. ನನಗೂ ನಾಚಿಕಿ ಬರ್ತಿತ್ತು, ಆದ್ರೂ ಹೇಳ್ತಿದ್ದೆ" ಎಂದಳು. ತಾಟು ಎತ್ತುತ್ತ ಮತ್ತೆ ಅಂದಳು, "ದೇವರನ್ನ ಗ್ವಾಡಿ ಮಾಡದಾಗ ಇಟ್ರೂ ಕೂಡ್ತಾನ್ರಿ. ನೀವು ಅವನ್ನ ಬಾಗಲದಾಗ ಕುಂದರ್ಸಿದ್ದು ಅವನ ಸಲುವಾಗಿ ಅಲ್ಲ."

ಸಾಹುಕಾರ ಮಾರನೆಯ ದಿನವೇ ಗೋಡೆ ಕೆಲಸದ ಗೌಂಡಿಯನ್ನು ಕರೆಸಿದ. ದೇವರು ಅಡುಗೆಮನೆಯ ಪಕ್ಕದ ಮಾಡಕ್ಕೆ, ಗೋಡೆಯ ಗೂಡಿಗೆ, ಹೋದ. ಕಿಟಕಿ ಹೋಯಿತು, ಗೋಡೆ ಹೋಯಿತು, ಬೀದಿಗಿಳಿದ ಮೆಟ್ಟಿಲುಗಳೂ ಹೋದವು. ಕಾರು ಒಳಗೆ ಬಂತು. ದೇವರು ಒಂದು ಮಾತೂ ಅನ್ನಲಿಲ್ಲ!

ಆಮೇಲೆ ಸಾಹುಕಾರ ಎಣ್ಣೆಯ ಡಬ್ಬಿ ಹಿಡಿದು ಮಾಸ್ತರರ ಮನೆಗೆ ಹೋದ. ತಪ್ಪಾತ್ರಿ ಎನ್ನಬೇಕೆಂದೇ ಹೋದ. ಬಾಯಿಗೆ ಬಂದದ್ದು, "ಗೇಟಿಗೆ ಎಣ್ಣಿ ಬಿಡಬೇಕಾಗಿತ್ರಿ." ಇಷ್ಟೇ. ದೊಡ್ಡವರೆನಿಸಿಕೊಂಡವರಿಗೆ ಆ ಒಂದು ಮಾತು ಎಷ್ಟು ಕಷ್ಟ, ನೋಡಿ! ತುಕ್ಕು ಹಿಡಿದ ಗೇಟು ಇಡೀ ಓಣಿಗೆ ಕೇಳುವಂತೆ ಕಿರುಚಿ ತೆರೆಯಿತು. ಮಾಸ್ತರು ಮಗುವಿನ ಹಾಗೆ ನಕ್ಕು, ಸಾಹುಕಾರನಿಗೆ ಚಹಾ ಮಾಡಿಸಿದರು. ಅಂದು ಸಂಜೆಯೇ ಇಬ್ಬರೂ ಮಠಕ್ಕೆ ಹೋದರು.

ಮಠದಲ್ಲಿ ಮಂದಿ ಮುತ್ತಿಕೊಂಡರು. "ಏನ್ ಮಾಸ್ತರ, ಎಲ್ಲಿ ಹೋಗಿದ್ರಿ ಇಷ್ಟ ದಿನಾ?" ಸಾಹುಕಾರ ಮಾಸ್ತರರ ಬಾಯಿಯನ್ನೇ ನೋಡಿದ. ಈಗ ಹೇಳುತ್ತಾರೆ, ಈಗ ಹೇಳಿಯೇಬಿಡುತ್ತಾರೆ. ಮಾಸ್ತರು ಅಂದರು, "ಗಾಡಿ ಕೆಟ್ಟಿತ್ರಿ. ಈ ಸಾವಕಾರ್ರ ಮುಂದ ನಿಂತು ರಿಪೇರಿ ಮಾಡಿಸಿದ್ರು."

"ಎಂಥಾ ದೊಡ್ಡ ಮನಸು ಸಾವಕಾರ್ರದು!" ಎಂದು ಮಂದಿ ಚಪ್ಪಾಳೆ ತಟ್ಟಿದರು. ಯಾರೋ ದೇವರ ಮೇಲಿನ ಹಾರವನ್ನೇ ತಂದು ಅವನ ಕೊರಳಿಗೆ ಹಾಕಿದರು. ಸಾಹುಕಾರ ಅರ್ಧ ಎದ್ದ. ಗಾಡಿಗೆ ಏನೂ ಆಗಿರಲಿಲ್ಲ, ಇವರ ಬಾಗಿಲಿಗೆ ನಾನು ಕಾರು ಹಚ್ಚಿದ್ದೆ, ಎಂದು ಹೇಳಬೇಕು. ಎಲ್ಲರ ಮುಖ ನೋಡಿದ. ಹೇಳಲಾಗಲಿಲ್ಲ. ಹಾರ ಹಾಕಿಕೊಂಡು ಕೂತುಬಿಟ್ಟ.

ಮುಂದೆ ಮನೆ ಮಾರಾಟವಾಯಿತೇ ಎಂದು ಕೇಳುತ್ತೀರಿ, ನನಗೆ ಗೊತ್ತು. ಆಯಿತು. ಕಾರಿಗೆ ಜಾಗವಾದ ಮೇಲೆ ಕೇಳಿದ ಬೆಲೆಗೇ ಹೋಯಿತು. ಹೆಂಡತಿಗೆ ಮೆಟ್ಟಿಲಿಲ್ಲದ ಮನೆಯೂ ಸಿಕ್ಕಿತು. ಆದರೆ ಸಾಹುಕಾರ ಇಂದಿಗೂ ಮುಂದಿನ ಸಾಲಿನಲ್ಲಿ ಕೂಡುವುದಿಲ್ಲ. ಯಾರಾದರೂ ಹಾರ ತಂದರೆ ಎದ್ದು ಹೊರಗೆ ಹೋಗುತ್ತಾನೆ. ಮಾಸ್ತರು ಕಂಡರೆ ಇವನೇ ತಲೆ ತಗ್ಗಿಸುತ್ತಾನೆ. ಕ್ಷಮಿಸಿದವರ ಕಣ್ಣಿಗೆ ಕಣ್ಣು ಕೊಡುವುದು ಅವನಿಂದ ಆಗುತ್ತಿಲ್ಲ.

ಪಾಪ ಎನ್ನುತ್ತೀರಾ? ಅವನಿಗೆ ಪಾಪ ಎನ್ನುವ ಮೊದಲು ಒಂದು ಮಾತು ಹೇಳಿ. ನೀವು ಇವತ್ತು ಇಲ್ಲಿಗೆ ಹೇಗೆ ಬಂದಿರಿ? ನಡೆದುಕೊಂಡೇ? ಈ ಮಠದ ಓಣಿ ಎಷ್ಟು ಅಗಲ ಎಂದು ನನಗೂ ಗೊತ್ತು, ನಿಮಗೂ ಗೊತ್ತು. ನಾನು ಬರುವಾಗ ಹಿಂದಿನ ಮನೆಯ ಹೆಣ್ಣುಮಗಳೊಬ್ಬಳು ನೀರಿನ ಕೊಡ ಸೊಂಟದಲ್ಲಿಟ್ಟುಕೊಂಡು, ಎರಡು ಮೋಟಾರ್ ಸೈಕಲಿನ ನಡುವೆ ಸೀರೆ ಬಿಡಿಸಿಕೊಳ್ಳುತ್ತಿದ್ದಳು. ಆಕೆಯ ಬಾಗಿಲೇ ಕಾಣುತ್ತಿರಲಿಲ್ಲ. ನನ್ನನ್ನು ಕಂಡು ಕೈಮುಗಿದಳು. ನನಗೇ ನಾಚಿಕೆಯಾಯಿತು. ಯಾರ ಪ್ರವಚನಕ್ಕಾಗಿ ಆ ಗಾಡಿಗಳು ಅಲ್ಲಿ ನಿಂತಿವೆ? ನನ್ನ ಪ್ರವಚನಕ್ಕೆ!

ಮನೆ ಕಟ್ಟುವವರು ಗಾಡಿಯ ಜಾಗ ಬಿಟ್ಟು ಕಟ್ಟಿ. ಕಟ್ಟಿ ಆಗಿದೆಯೇ? ಹೊಸ ಗಾಡಿ ತರುವ ಮೊದಲು ಅದು ಯಾರ ಬಾಗಿಲಲ್ಲಿ ಮಲಗುತ್ತದೆ ಎಂದು ಯೋಚಿಸಿ. ಪಕ್ಕದವರು ಸುಮ್ಮನಿದ್ದಾರೆಂದರೆ ಒಪ್ಪಿದ್ದಾರೆ ಎಂದು ತಿಳಿಯಬೇಡಿ, ಕೇಳಿ ಕೇಳಿ ಸಾಕಾಗಿ ಬಿಟ್ಟಿರಬಹುದು. ಮನೆಯ ಹೆಣ್ಣುಮಕ್ಕಳ ಬಾಯಲ್ಲಿ, ಪೂಜೆಗೆ ಕೂತಿದ್ದಾರೆ ಎಂದು ಹೇಳಿಸಬೇಡಿ. ತಪ್ಪಾಯಿತು ಎನ್ನುವುದಿದ್ದರೆ ಈಗಲೇ ಹೋಗಿ ಅನ್ನಿ, ಕೊರಳಿಗೆ ಹಾರ ಬಿದ್ದ ಮೇಲೆ ಬಾಯಿ ಏಳುವುದಿಲ್ಲ.

ಅಗೋ, ಅಲ್ಲೊಬ್ಬರು ಎದ್ದರು. ಕೂಡಬೇಡಿ ಅಪ್ಪಾ, ಹೋಗಿ. ನಾಚಿಕೆಯಾಗುತ್ತದೆಯೇ? ಆಗಲಿ, ನಾಚಿಕೊಂಡೇ ಹೋಗಿ. ಉಳಿದವರೂ ಏಳಿ. ಗಾಡಿಗಳನ್ನು ಓಣಿಯ ತುದಿಯ ಬಯಲಿಗೆ ಹಚ್ಚಿ, ಆ ತಾಯಿಯ ಬಾಗಿಲಲ್ಲಿ ನಿಂತು, ತಪ್ಪಾಯಿತವ್ವ ಎಂದು ಹೇಳಿ ಬನ್ನಿ. ಗೇಟಿಗೆ ಎಣ್ಣೆ ಬೇಕೇ ಎಂದು ಕೇಳಿ ಬರಬೇಡಿ ಮತ್ತೆ! ನೀವು ಬರುವವರೆಗೆ ನಾನು ಇಲ್ಲೇ ಕೂತಿರುತ್ತೇನೆ. ಮಂಗಳಾರತಿ ಕಾಯುತ್ತದೆ. ಆ ತಾಯಿ ಕಾದದ್ದು ಸಾಕು.