ಹನ್ನೊಂದು ಪೊದೆಗಳು

ತಾಂಬರಂ ಕಡೆಯ ರೈಲಿನಲ್ಲಿ ನನ್ನೆದುರು ಇಬ್ಬರು ಸಸ್ಯವಿಜ್ಞಾನಿಗಳು ಕುಳಿತಿದ್ದರು. ವೃಂದಾ ಅಳಿವಿನಂಚಿನ ಪೊದೆಯೊಂದನ್ನು ಬೆಳೆಸುವವರು. ಜಯಪ್ರಕಾಶ್ ಮಣ್ಣಿನಿಂದ ಹರಡಿ ಬೇರು ಕೊಳೆಸುವ ಶಿಲೀಂಧ್ರವನ್ನು ಅಭ್ಯಸಿಸುವವರು.

“ಪೇಪರಿನಲ್ಲಿ ಮತ್ತೆ ನಿಮ್ಮ ಪೊದೆಯ ಫೋಟೋ, ಮೇಡಂ.”

“ಲೋಕದಲ್ಲಿ ಉಳಿದಿರೋದು ಹನ್ನೊಂದೇ ಅಲ್ವಾ. ಎಲ್ಲಾ ನಮ್ಮ ಗಾಜಿನಮನೆಯಲ್ಲೇ ಇವೆ.”

“ನನ್ನದು ಕೋಟಿಗಟ್ಟಲೆ ಇದೆ. ಒಬ್ಬರೂ ಫೋಟೋ ಕೇಳಲ್ಲ.”

“ಹೊಟ್ಟೆಕಿಚ್ಚಾ?”

“ಹೌದು. ಅದರಲ್ಲಿ ಅಂಥದ್ದೇನಿದೆ ಅಂತ ನಿನ್ನೆ ಒಳಗೆ ಹೋಗಿ ನೋಡಿಬಂದೆ.”

“ನಿಮ್ಮ ಲ್ಯಾಬಿನಿಂದ ನೇರವಾಗಿ?”

“ಹೂಂ.”

“ಬಾಗಿಲಲ್ಲಿ ಚಪ್ಪಲಿ ಬದಲಾಯಿಸಿದ್ರಿ ತಾನೇ?”

ಜಯಪ್ರಕಾಶ್ ತಮ್ಮ ಪಾದಗಳನ್ನು ನೋಡಿಕೊಂಡರು.

ಮುಂದಿನ ನಿಲ್ದಾಣದಲ್ಲಿ ವೃಂದಾ ಇಳಿದು, ಹಿಂದಕ್ಕೆ ಹೋಗುವ ರೈಲಿನತ್ತ ಓಡಿದರು. ಜಯಪ್ರಕಾಶ್ ತಮ್ಮ ಚಪ್ಪಲಿಗಳನ್ನು ಸೀಟಿನಡಿಯಲ್ಲೇ ಬಿಟ್ಟು, ಬರಿಗಾಲಲ್ಲಿ ಹಿಂಬಾಲಿಸಿದರು.