ಅಂಬಮ್ಮನ ಮೊದಲ ಸವಾರಿ

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದ ಮರುವರ್ಷ, ರಾಯಚೂರಿನಿಂದ ಸಿಂಧನೂರಿಗೆ ಹೊರಟಿದ್ದ ಬಸ್ಸಿನಲ್ಲಿ ಶೇಖರಮ್ಮನ ಎದುರಿಗೆ ಗಂಡ ಹೆಂಡತಿ ಕೂತಿದ್ದರು. ಅವರ ನಡುವೆ ಕೌದಿ ಸುತ್ತಿದ ಕಾರಿನ ಮುಂದಿನ ಗಾಜು. ಇಬ್ಬರೂ ಅದನ್ನು ಎರಡು ಕಡೆಯಿಂದ ತಬ್ಬಿ ಹಿಡಿದಿದ್ದರು. ಶೇಖರಮ್ಮ ಅದಕ್ಕೆ ತಾಗದಂತೆ ಕಾಲು ಮಡಚಿಕೊಂಡು ಅವರ ಮಾತು ಕೇಳುತ್ತಿದ್ದಳು.

“ಈ ಗಾಜು ಕೂಡ್ಸಿ ಕಾರು ಮಾರಿಬಿಡ್ತೀನಿ, ಅಂಬಮ್ಮ.”

“ಯಾಕ್ರಿ?”

“ಹದ್ದು ಬಡದು ಹಳೇದು ಒಡದಾಗಿಂದ ಕೈ ನಡುಗಾಕತ್ಯಾವ. ಬಾಡಿಗಿ ಮಂದೀನ ಹೆಂಗ ಕರಕೊಂಡು ಹೋಗ್ಲಿ?”

“ಮಂದೀನ ಆಮ್ಯಾಲ ಕರಕೊಂಡು ಹೋಗ್ರಿ. ಮೊದ್ಲು ನಾ ಕೂಡ್ತೀನಿ.”

“ನಿನಗೇನರ ಆದ್ರ?”

“ಮೆಲ್ಲಕ ನಡಸ್ರಿ. ಎತ್ತಿನ ಬಂಡಿ ನಮ್ಮನ್ನ ದಾಟಿ ಹೋದ್ರೂ ಹೋಗ್ಲಿ.”

ಗಂಡನಿಗೆ ನಗು ಬಂತು. “ಎಲ್ಲಿಗೆ ಹೋಗೂಣು?”

“ಬಳಗಾನೂರಿಗೆ, ನಮ್ಮವ್ವನ ಮನಿಗೆ. ಊರ ಮಂದೀನೆಲ್ಲ ತಿರುಗಿಸೀರಿ, ನಾ ಒಂದಿನಾನೂ ಅದರಾಗ ಕೂತಿಲ್ಲ.”

ಆತ ಜಾರಿದ್ದ ಕೌದಿಯನ್ನು ಗಾಜಿಗೆ ಮತ್ತೆ ಬಿಗಿಯಾಗಿ ಸುತ್ತಿದ. ಸಿಂಧನೂರು ಬಂದಾಗ ಇಬ್ಬರೂ ಗಾಜನ್ನು ಎತ್ತಿಕೊಂಡು ಜೋಪಾನವಾಗಿ ಇಳಿದರು.

“ನಾಳಿ ಆ ಹಸರು ಸೀರಿ ಉಟ್ಕೊ,” ಎಂದ ಗಂಡ.

ಆಕೆ ಏನೆಂದಳೋ, ಶೇಖರಮ್ಮನಿಗೆ ಕೇಳಿಸಲಿಲ್ಲ. ಆತನ ನಗು ಮಾತ್ರ ಬಸ್ಸಿನೊಳಗೂ ಕೇಳಿಸಿತು.