ಏಳು ಗುಂಡಿನ ಕೋವಿ

...ನಗ್ತೀಯಾ? ನಗು, ನಗು! ನಿಮ್ಮಪ್ಪ ಶಾಂತವೀರಪ್ಪನ್ನ ಬಣಕಲ್‌ನಲ್ಲಿ ಯಾರಾದ್ರೂ ಹೊಗಳ್ತಾರೆ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ, ಅಲ್ವೇನೇ ರುದ್ರಾಣಿ? ಕಾಫಿ ಕುಡಿ.

ಹೌದು ಮಾರಾಯ್ತಿ, ನನ್ನ ಕಿವಿಯಾರೆ ಕೇಳಿದ್ದು. ನಮ್ಮ ತಮ್ಮ ರುದ್ರಪ್ಪನ ಅಟ್ಟದಲ್ಲಿ ಬಿದ್ದಿತ್ತಲ್ಲ ಆ ಒಡೆದ ಚಕಮಕಿ ಕೋವಿ, ಅದನ್ನ ನೋಡೋಕೆ ಮೈಸೂರಿಂದ ಒಬ್ರು ಮೇಷ್ಟ್ರು ಬಂದಿದ್ರು. ಕಲ್ಲಿನ ಕಿಡಿ ಹಾರಿಸೋ ಕಾಲದ್ದು, ಆದ್ರೂ ಒಂದೇ ಸಮ ಏಳು ಈಡು! ಹಿಡಿಕೆಯೊಳಗೆ ಮದ್ದು ಬೇರೆ, ಗುಂಡು ಬೇರೆ. ಪಕ್ಕದಲ್ಲಿರೋ ಕಿವಿಯಂಥ ಹಿಡಿ ತಿರುಗಿಸಿದ್ರೆ ಹಿತ್ತಾಳೆ ಉರುಳೆಯೇ ಎರಡನ್ನೂ ತಂದು ನಳಿಗೆಗೆ ಹಾಕ್ತದೆ. ಇಟಲಿ ಕಡೆಯೋರ ಹಿಕ್ಮತ್ತಂತೆ. 'ಅವರು ಮಾಡಿದ್ದಕ್ಕಿಂತ ಇಲ್ಲಿಯೋನು ಕೂರಿಸಿದ ಉರುಳೆಯೇ ಚೊಕ್ಕ' ಅಂದ್ರು. ನಿಮ್ಮಪ್ಪ! ಕತ್ತಿ, ಗುದ್ದಲಿ ತಟ್ಟೋನು!

ಅಳ್ಬೇಡ. ಪೂರ್ತಿ ಕೇಳು.

ಉರುಳೆ ಸುತ್ತ ಕೊಬ್ಬು ಮೆತ್ತಿರ್ಬೇಕಂತೆ. ಇಲ್ದಿದ್ರೆ ಬೆಂಕಿ ಹಿಂದಕ್ಕೆ ನುಗ್ಗಿ ಹಿಡಿಕೆಯ ಮದ್ದೆಲ್ಲ ಒಟ್ಟಿಗೇ ಸಿಡೀತದೆ. ಆವತ್ತು ಆಯುಧಪೂಜೆಲಿ ರುದ್ರಪ್ಪ ಈಡು ಹಾರಿಸ್ದಾಗ ಆದದ್ದೂ ಅದೇ. ಸಂದಿಯೆಲ್ಲ ಕರಕು, ಕೊಬ್ಬಿನ ಪಸೆಯೇ ಇಲ್ವಂತೆ. ರುದ್ರಪ್ಪನ ಎರಡೂ ಕಣ್ಣು ಹೋಯ್ತಲ್ಲ! ಅಂದ್ಮೇಲೆ ಶಾಂತವೀರಪ್ಪ ಕುಡಿದು ಕೊಬ್ಬು ಹಚ್ಚೋದೇ ಮರೆತ ಅಂತ ಊರು ಅಂದದ್ದು...

ಯಾರಂದ್ರು ಅಂತ ಈಗ ಕೇಳಿದ್ರೆ? ಎಲ್ಲರೂ ಅಂದ್ರು. ನಾನೂ ಅಂದಿರ್ಬಹುದು. ಅಂಗಡಿ ಮುಚ್ಚಿಸಿದ್ದು ನಾನಾ? ಊರು ಬಿಟ್ಟು ಕಳಸಕ್ಕೆ ಹೋಗಿ ಹಾಗೆ ಹಾಸಿಗೆ ಹಿಡಿದು ಸಾಯಿ ಅಂದೋಳು ನಾನಾ?

ಏನು? ನಿಮ್ಮಪ್ಪ ಹಚ್ಚಿದ್ದ? ಕೊಬ್ಬಿನ ಡಬ್ಬಿ ನೀನೇ ಹಿಡ್ಕೊಂಡಿದ್ಯಾ?

ಹಚ್ಚಿದ್ದ ಕಣೇ, ಹಚ್ಚಿರ್ಲಿಲ್ಲ ಅಂತ ಯಾರಂದ್ರು! ದಪ್ಪಗೆ ಬಳಿದಿದ್ದ! ಅದೂ ಹಂದಿ ಕೊಬ್ಬು! ಲಿಂಗ ಕಟ್ಟಿದ ಮನೆ, ಅದನ್ನ ಪೂಜೆಗೆ ಇಡೋದು ಹೇಗೆ ಹೇಳು? ಥೂ, ಆ ವಾಸನೆ... ಉರುಳೆ ಎಳೆದು, ಸೀಗೆಪುಡಿ ಹಾಕಿ ಬಿಸಿನೀರಲ್ಲಿ ಎರಡು ಸಲ ಉಜ್ಜಿದ್ರೂ ಕೈಗೆ ಅಂಟಿದ ಜಿಡ್ಡು...

ಲೋಟ ಯಾಕೆ ಕೆಳಗಿಟ್ಟೆ?

ಮಡಿಗೆ ಅಂತ ತೊಳೆದದ್ದು ಕಣೇ. ಅದು ಬೇಕಿತ್ತು ಅಂತ ನಂಗೇನು ಗೊತ್ತು? ಆಮೇಲೆ ಗೊತ್ತಾಯ್ತು, ಸರಿ... ಆಮೇಲೆ ಹೇಗೆ ಹೇಳ್ಲಿ? ಒಡಹುಟ್ಟಿದೋನು. ಇವತ್ತಿಗೂ ನನ್ನ ಕೈ ಹಿಡ್ಕೊಂಡೇ ಅಂಗಳಕ್ಕೆ ಇಳೀತಾನೆ.

ಬೈಯೇ. ಬೈದಾದ್ರೂ ಬಿಡು.

ಎದ್ಯಾ? ತಡಿ... ರುದ್ರಾಣಿ, ಬಸ್ಸು ನಿಲ್ಲೋದು ಈ ಕಡೆ. ಅದು... ಅದು ನಮ್ಮ ತಮ್ಮನ ಮನೆ ದಾರಿ ಕಣೇ!